1966ರ ಮಸ್ಟಾಂಗ್‌ನ ಆಟೋಮ್ಯಾಟಿಕ್ ತೆಗೆದು ಮ್ಯಾನುಯಲ್ ಹಾಕಬಹುದಾ?

ಪ್ರಶ್ನೆ: ಸರ್, ನನ್ನ ಹತ್ತಿರ 1966ರ ಫೋರ್ಡ್ ಮಸ್ಟಾಂಗ್ ಕೂಪೆ ಇದೆ. 289 ಘನ ಇಂಚಿನ ವಿ8 ಇಂಜಿನ್, ಎರಡು ಬ್ಯಾರಲ್ ಕಾರ್ಬ್ಯುರೇಟರ್, ಮೂರು ಗೇರಿನ ಸಿ4 ಆಟೋಮ್ಯಾಟಿಕ್. ಇಂಜಿನ್ ಚೆನ್ನಾಗಿದೆ. ಆದರೆ ಗೇರ್ ಬದಲಾಗುವಾಗ ಒಮ್ಮೊಮ್ಮೆ ಜಾರಿದ ಹಾಗೆ ಆಗುತ್ತದೆ, ಹೈವೇಯಲ್ಲಿ ಇಂಜಿನ್ ಸದ್ದು ಜಾಸ್ತಿ. ಐದು ಗೇರಿನ ಟಿ5 ಮ್ಯಾನುಯಲ್ ಹಾಕಿಸಬೇಕು ಅಂತ ಆಸೆ. ಒಂದು ಗೇರ್‌ಬಾಕ್ಸ್ ಸಿಕ್ಕಿದೆ, ಕೊಂಡುಬಿಡಲಾ? ಅದೊಂದನ್ನು ಬದಲಾಯಿಸಿದರೆ ಸಾಕಾ, ಬೇರೆ ಏನೇನು ಬೇಕು? ಮುಂದೆ ಮನಸ್ಸು ಬದಲಾದರೆ ಮತ್ತೆ ಮೊದಲಿನ ಹಾಗೆ ಮಾಡಬಹುದಾ?

ಉತ್ತರ: ಹಾಕಬಹುದು. ಈ ಕಾರಿಗೆ ಟಿ5 ಚೆನ್ನಾಗಿ ಒಗ್ಗುತ್ತದೆ. ತುಂಬ ಜನ ಮಾಡಿದ್ದಾರೆ, ಬೇಕಾದ ಭಾಗಗಳೂ ಸಿಗುತ್ತವೆ. ಆದರೆ ಆ ಗೇರ್‌ಬಾಕ್ಸನ್ನು ಇವತ್ತೇ ಕೊಳ್ಳಬೇಡಿ. ಈ ಇಡೀ ಕೆಲಸದಲ್ಲಿ ಗೇರ್‌ಬಾಕ್ಸೇ ಸುಲಭದ ಭಾಗ. ಕೆಲಸ ಮುಗಿದ ಮೇಲೆ ಕಾರು ಓಡಿಸೋಕೆ ಖುಷಿಯಾಗುತ್ತದೋ ಇಲ್ಲವೋ ಅನ್ನುವುದು ನಿಂತಿರುವುದು ಬೇರೆ ಮೂರು ವಿಷಯಗಳ ಮೇಲೆ: ಹಿಂದಿನ ಆಕ್ಸಲ್‌ನ ರೇಷಿಯೋ (ಚಕ್ರ ಒಂದು ಸುತ್ತು ತಿರುಗೋಕೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ), ಪೆಡಲ್‌ನಿಂದ ಕ್ಲಚ್ ಫೋರ್ಕ್‌ವರೆಗಿನ (ಕ್ಲಚ್ ಬಿಡಿಸುವ ಲಿವರ್) ಜೋಡಣೆ, ಇಂಜಿನ್ನಿನ ಹಿಂಬದಿ ಕೂರುವ ಭಾರದ ಚಕ್ರ, ಅಂದರೆ ಫ್ಲೈವೀಲ್. ಇವನ್ನು ಮೊದಲು ತೀರ್ಮಾನಿಸಿಕೊಂಡರೆ ಯಾವ ಗೇರ್‌ಬಾಕ್ಸ್ ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಅದಕ್ಕೂ ಮೊದಲು ನಿಮ್ಮ ಸಿ4 ಬಗ್ಗೆ ಎರಡು ಮಾತು. ಅದು ಜಾರುತ್ತಿದೆ ಅಂದಿರಿ, ಹೈವೇಯಲ್ಲಿ ಸದ್ದು ಜಾಸ್ತಿ ಅಂತಲೂ ಅಂದಿರಿ. ಇವೆರಡೂ ಒಂದೇ ಕಾಯಿಲೆ ಇರಬಹುದು. ಲೆಕ್ಕ ನೋಡಿ. ಸಿ4ನ ಮೂರನೇ ಗೇರ್ 1:1. ಎರಡು ಬ್ಯಾರಲ್ 289 ಮತ್ತು ಆಟೋಮ್ಯಾಟಿಕ್ ಇರುವ ಕಾರಿನಲ್ಲಿ ಸಾಮಾನ್ಯವಾಗಿ 2.80 ಅಥವಾ 3.00 ಆಕ್ಸಲ್ ಇರುತ್ತದೆ. ಟೈರಿನ ಹೊರ ವ್ಯಾಸ 25 ಇಂಚು ಅಂತ ಇಟ್ಟುಕೊಂಡರೆ, 2.80 ಆಕ್ಸಲ್‌ನಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಇಂಜಿನ್ ಸುಮಾರು 2,340 ಆರ್‌ಪಿಎಂನಲ್ಲಿ ತಿರುಗಬೇಕು. ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಸ್ವಲ್ಪ ಜಾರುವುದು ಸಹಜ, ಹಾಗಾಗಿ ಇದಕ್ಕಿಂತ ಒಂಚೂರು ಮೇಲೆ ಇರುತ್ತದೆ. ಅದೇನೂ ಕಿವಿಗೆ ಹೊಡೆಯುವ ಸದ್ದಲ್ಲ. ಒಂದು ಟ್ಯಾಕೋಮೀಟರನ್ನು ತಾತ್ಕಾಲಿಕವಾಗಿ ಜೋಡಿಸಿ, ಅದೇ ವೇಗದಲ್ಲಿ ಎಷ್ಟು ತೋರಿಸುತ್ತದೆ ನೋಡಿ. 2,800, 2,900 ಅಂತ ತೋರಿಸಿದರೆ ಒಂದೋ ಯಾರೋ ಹಿಂದೆ ಆಕ್ಸಲ್ ರೇಷಿಯೋ ಬದಲಾಯಿಸಿದ್ದಾರೆ, ಇಲ್ಲವೇ ಟ್ರಾನ್ಸ್‌ಮಿಷನ್ ಜಾರುತ್ತಿದೆ.

ಜಾರುವುದಕ್ಕೆ ಕಾರಣ ಒಮ್ಮೊಮ್ಮೆ ಚಿಕ್ಕದೇ ಇರುತ್ತದೆ. ಇಂಜಿನ್ ಬಿಸಿಯಾಗಿದ್ದಾಗ, ಐಡಲ್‌ನಲ್ಲಿ, ಪಾರ್ಕ್‌ಗೆ ಹಾಕಿ ಆಯಿಲ್ ಮಟ್ಟ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ, ಅದಕ್ಕೆ ಬಿಚ್ಚದೆ ಬೇರೆ ದಾರಿಯಿಲ್ಲ. ಬಣ್ಣ ಕೆಂಪಗಿದ್ದು ಮಟ್ಟ ಮಾತ್ರ ಕಡಿಮೆ ಇದ್ದರೆ ಹಿಂಬದಿಯ ವ್ಯಾಕ್ಯೂಮ್ ಮಾಡ್ಯುಲೇಟರ್ ನೋಡಿ. ಅದರ ಒಳಗಿನ ಡಯಾಫ್ರಮ್ ಹರಿದರೆ ಟ್ರಾನ್ಸ್‌ಮಿಷನ್ ಆಯಿಲನ್ನು ಇಂಜಿನ್ ವ್ಯಾಕ್ಯೂಮ್ ಹೋಸ್ ಮೂಲಕ ಎಳೆದುಕೊಂಡು ಸುಡುತ್ತದೆ, ಹಿಂದೆ ಬಿಳಿ ಹೊಗೆ ಬರುತ್ತದೆ. ಹೋಸ್ ಕಿತ್ತು ನೋಡಿ, ಒಳಗೆ ಆಯಿಲ್ ಇದ್ದರೆ ಮಾಡ್ಯುಲೇಟರ್ ಹೋಗಿದೆ. ಇನ್ನು ಸಿ4ನ ಎರಡು ಬ್ಯಾಂಡ್‌ಗಳನ್ನೂ (ಒಳಗಿನ ಗೇರುಗಳನ್ನು ಹಿಡಿದು ನಿಲ್ಲಿಸುವ ಪಟ್ಟಿಗಳು) ಹೊರಗಿನಿಂದಲೇ ಸರಿಮಾಡಬಹುದು. ಇಂಟರ್ಮೀಡಿಯೆಟ್ ಬ್ಯಾಂಡ್‌ನ ಸ್ಕ್ರೂವನ್ನು 10 ಅಡಿ-ಪೌಂಡ್‌ಗೆ ಬಿಗಿದು 1¾ ಸುತ್ತು ಸಡಿಲಿಸಬೇಕು, ಲೋ-ರಿವರ್ಸ್ ಬ್ಯಾಂಡನ್ನು ಅದೇ 10ಕ್ಕೆ ಬಿಗಿದು 3 ಸುತ್ತು ಸಡಿಲಿಸಬೇಕು. ಇದನ್ನೆಲ್ಲ ಮಾಡಿದ ಮೇಲೂ ನಿಮಗೆ ಮ್ಯಾನುಯಲ್ಲೇ ಬೇಕು ಅನ್ನಿಸಿದರೆ ಸಂತೋಷ, ಮುಂದುವರಿಯೋಣ. ಕಾಯಿಲೆ ಬಿದ್ದ ಆಟೋಮ್ಯಾಟಿಕ್‌ನಿಂದ ತಪ್ಪಿಸಿಕೊಳ್ಳೋಕೆ ಮ್ಯಾನುಯಲ್ ಹಾಕಬೇಡಿ. ಗೇರನ್ನು ನೀವೇ ಹಾಕಿ ಓಡಿಸಬೇಕು ಅನ್ನುವ ಆಸೆ ಇದ್ದರೆ ಹಾಕಿ.

ಇನ್ನೊಂದು ವಿಷಯವನ್ನೂ ಮೊದಲೇ ನೋಡಿಬಿಡಿ. ಡ್ರೈವರ್ ಬಾಗಿಲ ಅಂಚಿನ ಪ್ಲೇಟಿನಲ್ಲಿ ಟ್ರಾನ್ಸ್‌ಮಿಷನ್ ಕೋಡ್ ಇರುತ್ತದೆ. 6 ಅಂದರೆ ಸಿ4, 5 ಅಂದರೆ ನಾಲ್ಕು ಗೇರಿನ ಮ್ಯಾನುಯಲ್, 1 ಅಂದರೆ ಮೂರು ಗೇರಿನದು. ನಿಮ್ಮದು ಎರಡು ಬ್ಯಾರಲ್ ಕೂಪೆ ಆದ್ದರಿಂದ ಯೋಚನೆ ಬೇಡ, ಇಂಥ ಕಾರುಗಳು ಲಕ್ಷಗಟ್ಟಲೆ ತಯಾರಾಗಿವೆ. ಆದರೆ ಇದೇ ಪ್ರಶ್ನೆಯನ್ನು 271 ಅಶ್ವಶಕ್ತಿಯ ಕೆ-ಕೋಡ್ 289 ಮತ್ತು ಆಟೋಮ್ಯಾಟಿಕ್ ಎರಡೂ ಕಾರ್ಖಾನೆಯಿಂದಲೇ ಬಂದ ಕಾರಿನ ಮಾಲೀಕರು ಕೇಳಿದ್ದರೆ ಬೇಡ ಅಂತಿದ್ದೆ. ಹರ್ಟ್ಜ್ ಬಾಡಿಗೆ ಸಂಸ್ಥೆಗಾಗಿ 1966ರಲ್ಲಿ ಮಾಡಿದ ಸುಮಾರು 1,000 ಶೆಲ್ಬಿ ಜಿಟಿ350ಗಳಲ್ಲೂ ಹೆಚ್ಚಿನವು ಆಟೋಮ್ಯಾಟಿಕ್‌ಗಳೇ. ಅಂಥ ಕಾರುಗಳಲ್ಲಿ ಆಟೋಮ್ಯಾಟಿಕ್ ಅನ್ನುವುದು ಅದರ ಚರಿತ್ರೆಯ ಭಾಗ, ಅದನ್ನು ಮುಟ್ಟಬಾರದು.

ಈಗ ಆಕ್ಸಲ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಬೇಸರ ಪಟ್ಟುಕೊಳ್ಳುವುದು ಇಲ್ಲೇ. ಐದನೇ ಗೇರ್ ಇದ್ದರೆ ಹೈವೇಯಲ್ಲಿ ಆರಾಮ ಅಂತ ಟಿ5 ಹಾಕುತ್ತಾರೆ. ಆಮೇಲೆ ಐದನೇ ಗೇರಿನಲ್ಲಿ ಕಾರು ಎಳೆಯುವುದೇ ಇಲ್ಲ. 5.0 ಲೀಟರ್ ಮಸ್ಟಾಂಗ್‌ನ ಟಿ5ನಲ್ಲಿ ಐದನೇ ಗೇರ್ 0.68. 2.80 ಆಕ್ಸಲ್ ಜೊತೆ ಗುಣಿಸಿದರೆ 1.90. ಅಂದರೆ 100 ಕಿ.ಮೀ. ವೇಗದಲ್ಲಿ ಇಂಜಿನ್ ಬರೀ 1,590 ಆರ್‌ಪಿಎಂ. ಸಣ್ಣ ಏರು ಬಂದರೂ 289 ಅಲ್ಲಿ ಗುದ್ದಾಡುತ್ತದೆ, ನೀವು ನಾಲ್ಕಕ್ಕೆ ಇಳಿಸಬೇಕು. ನಾಲ್ಕನೆಯದು 1:1, ಅಂದರೆ ಮತ್ತೆ ನಿಮ್ಮ ಹಳೆಯ 2,340. ಹಾಗಾದರೆ ಇಷ್ಟೆಲ್ಲ ಮಾಡಿ ಏನು ಬಂತು, ಅಲ್ವಾ?

ಅದೇ 3.25 ಆಕ್ಸಲ್ ಹಾಕಿದರೆ ಐದನೇ ಗೇರಿನಲ್ಲಿ ಸುಮಾರು 1,850, 3.55 ಹಾಕಿದರೆ ಸುಮಾರು 2,020. ಇವೆರಡೂ 289ಗೆ ಒಗ್ಗುವ ವೇಗಗಳು. ಹೊರಡುವಾಗಲೂ ಲಾಭ ಇದೆ. ಸಿ4ನ ಮೊದಲ ಗೇರ್ 2.46, 2.80ರಿಂದ ಗುಣಿಸಿದರೆ 6.9, ಆದರೆ ಅಲ್ಲಿ ನಿಂತಲ್ಲಿಂದ ಹೊರಡುವಾಗ ಟಾರ್ಕ್ ಕನ್ವರ್ಟರ್ ಸೆಳೆತವನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಕೊಡುತ್ತದೆ. ಕ್ಲಚ್‌ಗೆ ಆ ಗುಣ ಇಲ್ಲ. ಇಂಜಿನ್ ಎಷ್ಟು ಕೊಡುತ್ತದೋ ಅಷ್ಟೇ ದಾಟಿಸುತ್ತದೆ. ಹಾಗಾಗಿ ಮ್ಯಾನುಯಲ್‌ಗೆ ಮೊದಲ ಗೇರ್ ಗಟ್ಟಿ ಇರಬೇಕು. ಟಿ5ನ ಮೊದಲ ಗೇರ್ 3.35. 3.25 ಆಕ್ಸಲ್ ಜೊತೆ 10.9 ಆಗುತ್ತದೆ, ಕ್ಲಚ್ ಸುಡದೆ ಸಲೀಸಾಗಿ ಹೊರಡಬಹುದು. ಟಾಪ್‌ಲೋಡರ್ ಅನ್ನುವ ಫೋರ್ಡ್‌ನ ಹಳೆಯ ನಾಲ್ಕು ಗೇರಿನ ಮ್ಯಾನುಯಲನ್ನು, ಅದರ ಮೊದಲ ಗೇರ್ 2.78 ಇರುವುದನ್ನೇ ತೆಗೆದುಕೊಂಡರೂ, 2.80 ಆಕ್ಸಲ್ ಜೊತೆ ಹಾಕಿದರೆ ಬರೀ 7.8. ಪ್ರತಿ ಸಲ ಹೊರಡುವಾಗ ಅರ್ಧ ಕ್ಲಚ್‌ನಲ್ಲಿ ಎಳೆಯಬೇಕಾಗುತ್ತದೆ.

ನಿಮ್ಮ ಕಾರಿನಲ್ಲಿ ಈಗ ಯಾವ ರೇಷಿಯೋ ಇದೆ ಅಂತ ತಿಳಿಯೋಕೆ ಬಾಗಿಲ ಪ್ಲೇಟನ್ನೇ ನಂಬಬೇಡಿ, ಇಷ್ಟು ವರ್ಷಗಳಲ್ಲಿ ಯಾರಾದರೂ ಬದಲಾಯಿಸಿರಬಹುದು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದು ಚಕ್ರವನ್ನು ಅಲ್ಲಾಡದಂತೆ ಹಿಡಿಸಿ, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ನಿಮ್ಮ ರೇಷಿಯೋ. ಸಾಮಾನ್ಯ ಡಿಫರೆನ್ಷಿಯಲ್‌ಗೆ ಈ ಲೆಕ್ಕ ಸರಿಹೋಗುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ನಿಮ್ಮ ವಿ8 ಕಾರಿನ 8 ಇಂಚಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಮುಂದಿನಿಂದ ಇಡಿಯಾಗಿ ಹೊರಗೆ ಬರುತ್ತದೆ. ಬೇರೆ ರೇಷಿಯೋ ಇರುವ ಸೆಟ್ ಒಂದನ್ನು ರೆಡಿ ಮಾಡಿಸಿ ಕೂರಿಸಬಹುದು, ಹಳೆಯದನ್ನು ಹಾಗೇ ಎತ್ತಿಡಬಹುದು. ನನ್ನ ಆಯ್ಕೆ 3.25. ನಿಮಗೆ ಚುರುಕು ಬೇಕಿದ್ದರೆ 3.55.

ಈಗ ಸಿಕ್ಕಿರುವ ಗೇರ್‌ಬಾಕ್ಸ್ ಬಗ್ಗೆ. ಟಿ5 ಅನ್ನುವ ಹೆಸರಿನಲ್ಲಿ ತುಂಬ ಬೇರೆ ಬೇರೆ ಗೇರ್‌ಬಾಕ್ಸ್‌ಗಳಿವೆ. ನಿಮಗೆ ಬೇಕಾಗಿರುವುದು 1985ರಿಂದ 1993ರವರೆಗಿನ 5.0 ಲೀಟರ್ ಮಸ್ಟಾಂಗ್‌ನದು, ವರ್ಲ್ಡ್ ಕ್ಲಾಸ್ ಅಂತ ಕರೆಯುವ ಬಗೆ. 1985-89ರ ಗೇರ್‌ಬಾಕ್ಸ್‌ಗಳಿಗೆ ಹೇಳುವ ಟಾರ್ಕ್ ಮಿತಿ 265 ಅಡಿ-ಪೌಂಡ್, 1990-93ರವಕ್ಕೆ 300. ನಿಮ್ಮ ಇಂಜಿನ್ನಿನದು ಆಗಿನ ಗ್ರಾಸ್ ಲೆಕ್ಕದಲ್ಲಿ (ಇಂಜಿನ್ ಒಂದನ್ನೇ ಹೊರಗಿಟ್ಟು ಅಳೆದದ್ದು) 282, ನಿಜವಾಗಿ ಚಕ್ರದ ಕಡೆಗೆ ಹೋಗುವುದು ಅದಕ್ಕಿಂತ ಕಡಿಮೆ. ಹಾಗಾಗಿ ಸಾಮಾನ್ಯ ಟೈರುಗಳಲ್ಲಿ ರಸ್ತೆ ಮೇಲೆ ಓಡಿಸೋಕೆ ಎರಡೂ ಸಾಕು, ಎರಡನೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಅದೇ ಕಾಲದ ನಾಲ್ಕು ಸಿಲಿಂಡರ್ ಮಸ್ಟಾಂಗ್‌ನ ಟಿ5 ಬೇಡ. ಅದರ ಮೊದಲ ಗೇರ್ ಹೆಚ್ಚುಕಡಿಮೆ 4, ಹೊರಟ ಕೂಡಲೇ ಎರಡಕ್ಕೆ ಹಾಕಬೇಕು, ತಾಕತ್ತೂ ಕಡಿಮೆ. 1994-95ರ ಮಸ್ಟಾಂಗ್‌ನದರಲ್ಲಿ ಇನ್‌ಪುಟ್ ಶಾಫ್ಟ್ ಉದ್ದ, ಅದಕ್ಕೆ ಬೆಲ್ ಹೌಸಿಂಗೂ (ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಗಂಟೆಯಾಕಾರದ ಕವಚ) ಉದ್ದದ್ದೇ ಬೇಕು. ಜನರಲ್ ಮೋಟರ್ಸ್ ಕಾರುಗಳ ಟಿ5 ಬೇರೆಯದೇ ಕಥೆ, ಕ್ಯಾಮರೋದಲ್ಲಂತೂ ಅದು ಓರೆಯಾಗಿ ಕೂರುತ್ತದೆ. ಗೇರ್‌ಬಾಕ್ಸ್‌ಗೆ ಸಿಕ್ಕಿಸಿರುವ ಲೋಹದ ಚೀಟಿಯಲ್ಲಿ 1352 ಅಂತ ಶುರುವಾಗುವ ನಂಬರ್ ಇರುತ್ತದೆ, ಅದರಿಂದ ಯಾವ ಕಾರಿನದು ಅಂತ ಪತ್ತೆ ಹಚ್ಚಬಹುದು. ಚೀಟಿ ಇಲ್ಲ ಅಂದರೆ ನಾನಾದರೆ ಕೊಳ್ಳುವುದಿಲ್ಲ.

ಗೇರ್‌ಬಾಕ್ಸ್ ಹೊರಗಿದ್ದಾಗ ಮುಂಭಾಗ ನೋಡಿ. ಕೆಳಗಿನ ಕೌಂಟರ್ ಶಾಫ್ಟ್‌ನ ತುದಿಯಲ್ಲಿ ಟೇಪರ್ ಬೇರಿಂಗ್‌ನ ಹೊರ ರಿಂಗ್ ಕಂಡರೆ ವರ್ಲ್ಡ್ ಕ್ಲಾಸ್. ಮುಚ್ಚಳದಂಥ ಪ್ಲಗ್ ಕಂಡರೆ ಹಳೆಯ ಬಗೆ.

ಇನ್ನು ಇಂಜಿನ್ ಕಡೆ ಬನ್ನಿ. ನಿಮ್ಮದು 1966ರದ್ದು, ಅಂದರೆ ಬೆಲ್ ಹೌಸಿಂಗ್ ಆರು ಬೋಲ್ಟಿನದು ಇರಬೇಕು. 260 ಮತ್ತು ತೀರಾ ಮೊದಲಿನ 289ಗಳಲ್ಲಿ ಐದು ಬೋಲ್ಟು. ಇಂಜಿನ್ ಎಂದಾದರೂ ಬದಲಾಗಿದ್ದರೆ ಅಂತ ಒಮ್ಮೆ ಎಣಿಸಿ ನೋಡಿಬಿಡಿ. ಐದು ಬೋಲ್ಟಿನದಾದರೆ ಕೆಳಗೆ ನಾನು ಹೇಳುವ ಬೆಲ್ ಹೌಸಿಂಗ್‌ಗಳು ಕೂರುವುದಿಲ್ಲ.

ಫ್ಲೈವೀಲ್ ವಿಷಯದಲ್ಲಿ ದಯವಿಟ್ಟು ಎಚ್ಚರ. 289 ಇಂಜಿನ್ನನ್ನು ಬ್ಯಾಲೆನ್ಸ್ ಮಾಡಿರುವುದು 28 ಔನ್ಸ್-ಇಂಚ್ ತೂಕದ ಲೆಕ್ಕದಲ್ಲಿ. ಆ ಲೆಕ್ಕದ ತೂಕ ಮುಂದಿನ ಡ್ಯಾಂಪರ್‌ನಲ್ಲೂ ಇರುತ್ತದೆ, ಹಿಂದಿನ ಫ್ಲೆಕ್ಸ್ ಪ್ಲೇಟ್ (ಆಟೋಮ್ಯಾಟಿಕ್‌ನಲ್ಲಿ ಫ್ಲೈವೀಲ್ ಬದಲು ಇರುವ ತೆಳು ತಟ್ಟೆ) ಅಥವಾ ಫ್ಲೈವೀಲ್‌ನಲ್ಲೂ ಇರುತ್ತದೆ. 1980ರ ದಶಕದ 5.0 ಇಂಜಿನ್ನಿನಲ್ಲಿ ಅದು 50 ಔನ್ಸ್. ಟಿ5 ಮಾರುವವರು ಅದೇ ಕಾರಿನ ಫ್ಲೈವೀಲನ್ನೂ ಜೊತೆಗೆ ಕೊಡುತ್ತೇವೆ ಅನ್ನುತ್ತಾರೆ, ಬೋಲ್ಟಿನ ತೂತುಗಳೂ ಸರಿಯಾಗಿ ಕೂರುತ್ತವೆ. ಆದರೆ ಅದನ್ನು 289ಗೆ ಹಾಕಿದರೆ ಇಡೀ ಕಾರು ನಡುಗುತ್ತದೆ, ಹಾಗೇ ಓಡಿಸುತ್ತಾ ಹೋದರೆ ಕ್ರ್ಯಾಂಕ್ ಬೇರಿಂಗುಗಳು ಹೋಗುತ್ತವೆ. ನಿಮಗೆ ಬೇಕಿರುವುದು 28 ಔನ್ಸಿನ, 157 ಹಲ್ಲಿನ ಫ್ಲೈವೀಲ್. 164 ಹಲ್ಲಿನದೂ ಇದೆ, ಅದು ವ್ಯಾಸದಲ್ಲಿ ದೊಡ್ಡದು, 5.0 ಕಾರಿನ ಬೆಲ್ ಹೌಸಿಂಗ್ ಒಳಗೆ ಹಿಡಿಸುವುದಿಲ್ಲ. ಬೆಲ್ ಹೌಸಿಂಗ್, ಫ್ಲೈವೀಲ್, ಇಂಜಿನ್ ಮತ್ತು ಬೆಲ್ ನಡುವಿನ ತೆಳು ತಗಡಿನ ಪ್ಲೇಟ್, ಸ್ಟಾರ್ಟರ್ ಮೋಟರ್, ಈ ನಾಲ್ಕನ್ನೂ ಒಂದಕ್ಕೊಂದು ಹೊಂದುವ ಸೆಟ್ ಆಗಿಯೇ ಕೊಳ್ಳಿ. ಸ್ಟಾರ್ಟರ್‌ನ ಮೂತಿ ಎಷ್ಟು ಒಳಗೆ ಹೋಗುತ್ತದೆ ಅನ್ನುವುದರಲ್ಲಿ ಆಟೋಮ್ಯಾಟಿಕ್ ಮತ್ತು ಹಳೆಯ ಮ್ಯಾನುಯಲ್ ನಡುವೆ ವ್ಯತ್ಯಾಸ ಇದೆ. ತಪ್ಪಿದರೆ ರಿಂಗ್ ಗೇರಿನ ಹಲ್ಲು ಅರೆದುಹೋಗುತ್ತದೆ.

ಫ್ಲೈವೀಲ್ ಬೋಲ್ಟುಗಳನ್ನು ಹೊಸದಾಗಿ ತನ್ನಿ. ಫ್ಲೆಕ್ಸ್ ಪ್ಲೇಟ್ ತೆಳು, ಫ್ಲೈವೀಲ್ ದಪ್ಪ, ಹಳೆಯ ಬೋಲ್ಟು ಗಿಡ್ಡ ಆಗುತ್ತದೆ. ಈ ಇಂಜಿನ್ನಿನಲ್ಲಿ ಆ ತೂತುಗಳು ಒಳಗಿನ ಆಯಿಲ್ ಕಡೆಗೆ ತೆರೆದಿರುತ್ತವೆ, ಆದ್ದರಿಂದ ಬೋಲ್ಟಿನ ಮರೆಗೆ ಸೀಲಂಟ್ ಹಚ್ಚಿ 75ರಿಂದ 85 ಅಡಿ-ಪೌಂಡ್‌ಗೆ ಬಿಗಿಯಿರಿ. ಕ್ರ್ಯಾಂಕ್‌ನ ತುದಿಗೆ ಪೈಲಟ್ ಬೇರಿಂಗ್ (ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್‌ನ ತುದಿಯನ್ನು ಹಿಡಿಯುವುದು) ಹೊಡೆಯಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಅದು ಇರುವುದಿಲ್ಲ, ಅದನ್ನು ಮರೆತು ಗೇರ್‌ಬಾಕ್ಸ್ ಏರಿಸಿದವರು ಮತ್ತೆ ಇಳಿಸಲೇಬೇಕು. 289ರಲ್ಲಿ ಅದಕ್ಕೆ ಬೇಕಾದ ತೂತು ಇರುತ್ತದೆ. ಬೇರೆ ಕಂಪನಿಗಳ ಕಾರಿನವರು ಇದನ್ನು ಓದುತ್ತಿದ್ದರೆ ಒಂದು ಮಾತು: 1960ರ ದಶಕದ ಕೆಲವು ಕ್ರೈಸ್ಲರ್ ಇಂಜಿನ್‌ಗಳಲ್ಲಿ ಆಟೋಮ್ಯಾಟಿಕ್‌ಗೆ ಅಂತ ಮಾಡಿದ ಕ್ರ್ಯಾಂಕ್‌ನಲ್ಲಿ ಆ ತೂತನ್ನು ಪೂರ್ತಿ ಕೊರೆದೇ ಇರುವುದಿಲ್ಲ, ಮೊದಲೇ ಅಳೆದು ನೋಡಿಕೊಳ್ಳಿ.

ಇದೇ ಹೊತ್ತಿನಲ್ಲಿ ಮಾಡಬೇಕಾದ, ಜಾಸ್ತಿ ಜನ ಬಿಟ್ಟುಬಿಡುವ ಒಂದು ಪರೀಕ್ಷೆ ಇದೆ. ಕ್ರ್ಯಾಂಕ್ ಹಿಂದೆ ಮುಂದೆ ಎಷ್ಟು ಆಡುತ್ತದೆ ಅಂತ ಡಯಲ್ ಗೇಜ್ ಇಟ್ಟು ಅಳೆಯಿರಿ. 0.004ರಿಂದ 0.008 ಇಂಚು ಇದ್ದರೆ ಸರಿ. ನೀವು ಕ್ಲಚ್ ತುಳಿದಾಗಲೆಲ್ಲ ಆ ಒತ್ತಡ ಕ್ರ್ಯಾಂಕನ್ನು ಮುಂದಕ್ಕೆ ತಳ್ಳುತ್ತದೆ, ಅದನ್ನು ತಡೆಯುವುದು ಥ್ರಸ್ಟ್ ಬೇರಿಂಗ್. ಆಟ ಜಾಸ್ತಿ ಇದ್ದರೆ ಮೊದಲು ಇಂಜಿನ್ ಕೆಲಸ, ಆಮೇಲೆ ಗೇರ್‌ಬಾಕ್ಸ್. ಹಿಂದಿನ ಆಯಿಲ್ ಸೀಲ್ ಮತ್ತು ಬ್ಲಾಕ್ ಹಿಂಬದಿಯ ಪ್ಲಗ್‌ಗಳು ಒದ್ದೆಯಾಗಿವೆಯಾ ಅಂತಲೂ ನೋಡಿ. ಹೊಸ ಕ್ಲಚ್ ಪ್ಲೇಟ್ ಮೇಲೆ ಆಯಿಲ್ ಬಿದ್ದರೆ ಅದು ಅಲ್ಲಿಗೆ ಮುಗೀತು.

ಬೆಲ್ ಹೌಸಿಂಗನ್ನು ಬೋಲ್ಟು ಬಿಗಿದ ಮೇಲೆ ಅದರ ಹಿಂದಿನ ದೊಡ್ಡ ತೂತು ಕ್ರ್ಯಾಂಕ್‌ನ ನೇರಕ್ಕೆ ಇದೆಯಾ ಅಂತ ಡಯಲ್ ಗೇಜ್‌ನಲ್ಲಿ ಸುತ್ತ ಅಳೆಯಬೇಕು. ಒಂದು ಸುತ್ತಿನಲ್ಲಿ ಗೇಜ್ ತೋರಿಸುವ ಒಟ್ಟು ವ್ಯತ್ಯಾಸ 0.005 ಇಂಚು ಮೀರಬಾರದು. ಮೀರಿದರೆ ಆಫ್‌ಸೆಟ್ ಡವೆಲ್ ಪಿನ್ ಹಾಕಿ ಸರಿಮಾಡುತ್ತಾರೆ. ಎರಡು ಬೇರೆ ಕಾಲದ, ಬೇರೆ ಕಾರಿನ ಭಾಗಗಳನ್ನು ನೀವು ಜೋಡಿಸುತ್ತಿದ್ದೀರಿ, ಕಾರ್ಖಾನೆಯಲ್ಲಿ ಇವೆರಡನ್ನು ಯಾರೂ ಒಟ್ಟಿಗೆ ನೋಡಿಲ್ಲ. ಗೇರ್ ಗಟ್ಟಿಯಾಗಿ ಬೀಳುವುದು, ಇನ್‌ಪುಟ್ ಬೇರಿಂಗ್ ಬೇಗ ಹೋಗುವುದು, ಇವಕ್ಕೆಲ್ಲ ಗೇರ್‌ಬಾಕ್ಸನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಇಲ್ಲಿರುತ್ತದೆ.

ಪೆಡಲ್‌ಗಳು ನನ್ನ ಪ್ರಕಾರ ಈ ಕೆಲಸದ ಹೃದಯ. ನಿಮ್ಮ ಕಾರಿನಲ್ಲಿ ಅಗಲದ ಒಂದು ಬ್ರೇಕ್ ಪೆಡಲ್ ಇದೆ, ಅದು ಹೋಗಬೇಕು. 1965-66ರ ಮ್ಯಾನುಯಲ್ ಮಸ್ಟಾಂಗ್‌ನಿಂದ ಪೆಡಲ್‌ಗಳು, ಶಾಫ್ಟ್, ಡ್ಯಾಶ್ ಒಳಗೆ ಅದನ್ನು ಹಿಡಿದಿರುವ ಬ್ರ್ಯಾಕೆಟ್, ಎಲ್ಲವನ್ನೂ ಒಟ್ಟಾಗಿ ತನ್ನಿ. ಬಿಡಿಬಿಡಿಯಾಗಿ ಕೂಡಿಸೋಕೆ ಹೋಗಬೇಡಿ. ತಂದ ಮೇಲೆ ಬುಷ್‌ಗಳನ್ನು ಬದಲಾಯಿಸಿ, ಅರವತ್ತು ವರ್ಷದ ಸವೆತ ಅಲ್ಲಿ ಸೇರಿಕೊಂಡಿರುತ್ತದೆ, ಪೆಡಲ್ ಪಕ್ಕಕ್ಕೆ ವಾಲುತ್ತದೆ. ಬುಷ್ ಬದಲು ರೋಲರ್ ಬೇರಿಂಗ್ ಹಾಕುವ ಕಿಟ್ ಕೂಡ ಸಿಗುತ್ತದೆ. ಆ ಖರ್ಚು ಮಾಡಿ, ಪ್ರತಿ ಸಲ ತುಳಿದಾಗಲೂ ಅದರ ಸುಖ ಗೊತ್ತಾಗುತ್ತದೆ.

ಪೆಡಲ್‌ನಿಂದ ಫೋರ್ಕ್‌ಗೆ ಮೂರು ದಾರಿಗಳಿವೆ. ಮೂಲದ ಕಾರಿನಲ್ಲಿ ಇದ್ದದ್ದು ರಾಡ್‌ಗಳ ವ್ಯವಸ್ಥೆ. ಪೆಡಲ್‌ನಿಂದ ಒಂದು ರಾಡ್ ಫೈರ್‌ವಾಲ್ ದಾಟಿ ಕೆಳಗೆ ಬರುತ್ತದೆ, ಬ್ಲಾಕ್ ಮತ್ತು ಫ್ರೇಮ್ ರೈಲ್ ನಡುವೆ ಅಡ್ಡಲಾಗಿ ಕೂತ ಝಡ್-ಬಾರ್ ಒಂದನ್ನು ತಿರುಗಿಸುತ್ತದೆ, ಅಲ್ಲಿಂದ ಇನ್ನೊಂದು ರಾಡ್ ಫೋರ್ಕನ್ನು ತಳ್ಳುತ್ತದೆ. ಸರಿಯಾಗಿ ಜೋಡಿಸಿದರೆ ಇದು ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ, ಕಾಲಿಗೆ ಕ್ಲಚ್ ಕಚ್ಚುವ ಜಾಗ ಸ್ಪಷ್ಟವಾಗಿ ಗೊತ್ತಾಗುತ್ತದೆ. ಇದನ್ನು ಇಟ್ಟುಕೊಳ್ಳಬೇಕೆಂದರೆ ಹಳೆಯ ನಾಲ್ಕು ಗೇರಿನ ಬೆಲ್ ಹೌಸಿಂಗ್ ಮತ್ತು ಅದಕ್ಕೆ ಟಿ5 ಕೂರಿಸುವ ಅಡಾಪ್ಟರ್ ಪ್ಲೇಟ್ ತೆಗೆದುಕೊಳ್ಳಬೇಕು. ಕಷ್ಟ ಬರುವುದು ಎಕ್ಸಾಸ್ಟ್ ಹೆಡರ್ ಹಾಕಿಸಿದ ಕಾರುಗಳಲ್ಲಿ, ಪೈಪುಗಳು ಝಡ್-ಬಾರ್ ಜಾಗವನ್ನೇ ತಿನ್ನುತ್ತವೆ. ಪವರ್ ಬ್ರೇಕ್ ಬೂಸ್ಟರ್ ಇದ್ದರೂ ರಾಡ್‌ಗೆ ಜಾಗ ಇಕ್ಕಟ್ಟಾಗುತ್ತದೆ, ಅದನ್ನು ಮೊದಲೇ ಅಳೆಯಿರಿ.

ಎರಡನೆಯದು ಕೇಬಲ್. 5.0 ಮಸ್ಟಾಂಗ್‌ನ ಬೆಲ್ ಹೌಸಿಂಗ್ ಕೇಬಲ್‌ಗೇ ಮಾಡಿದ್ದು, ಹಾಗಾಗಿ ಅಡಾಪ್ಟರ್ ಪ್ಲೇಟ್ ಬೇಡ, ಹೆಡರ್ ಅಡ್ಡ ಬರುವುದಿಲ್ಲ. ಆದರೆ ಕೇಬಲ್‌ನ ಪೂರ್ತಿ ಎಳೆತ ಫೈರ್‌ವಾಲ್‌ನ ತೆಳು ತಗಡಿನ ಮೇಲೆ ಬೀಳುತ್ತದೆ. ಹಿಂದೆ ಗಟ್ಟಿ ಪ್ಲೇಟ್ ಕೊಡದಿದ್ದರೆ ತಗಡು ಬಾಗುತ್ತದೆ, ನೀವು ತುಳಿದದ್ದರಲ್ಲಿ ಅರ್ಧ ಅಲ್ಲೇ ಕಳೆದುಹೋಗುತ್ತದೆ, ಕೊನೆಗೆ ತಗಡು ಸೀಳುತ್ತದೆ. ಮೂರನೆಯದು ಹೈಡ್ರಾಲಿಕ್. ತುಳಿಯೋಕೆ ಹಗುರ. ಅದರಲ್ಲಿ ಸ್ಲೇವ್ ಸಿಲಿಂಡರ್ ಬೆಲ್ ಹೊರಗೆ ಇರುವ ಬಗೆ ಒಳ್ಳೆಯದು. ರಿಲೀಸ್ ಬೇರಿಂಗ್ ಜೊತೆಗೇ ಒಳಗೆ ಕೂರುವ ಬಗೆ ಅಚ್ಚುಕಟ್ಟು ನಿಜ, ಆದರೆ ಅದು ಸೋರಿದ ದಿನ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ನಿಮ್ಮ ಇಂಜಿನ್ ಮೂಲದ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲೇ ಇದ್ದರೆ ನಾನು ಝಡ್-ಬಾರನ್ನೇ ಹಾಕುತ್ತೇನೆ. ಹೆಡರ್ ಇದ್ದರೆ ಹೊರಗಿನ ಹೈಡ್ರಾಲಿಕ್.

ಝಡ್-ಬಾರ್ ಹಾಕುವವರಿಗೆ ಇನ್ನೊಂದು ಸೂಕ್ಷ್ಮ ಇದೆ. ಡ್ಯಾಶ್ ಕೆಳಗೆ ಪೆಡಲ್‌ಗೆ ನೆರವಾಗುವ ಒಂದು ಗಟ್ಟಿ ಸ್ಪ್ರಿಂಗ್ ಇರುತ್ತದೆ. ಆಗಿನ ಪ್ರೆಶರ್ ಪ್ಲೇಟ್ ತುಂಬ ಗಟ್ಟಿ ಇತ್ತು, ಅದಕ್ಕೆ ಈ ಸ್ಪ್ರಿಂಗ್ ಬೇಕಿತ್ತು. ಈಗ ಡಯಾಫ್ರಮ್ ಬಗೆಯ ಹಗುರ ಕ್ಲಚ್ ಹಾಕಿದರೆ ಅದೇ ಸ್ಪ್ರಿಂಗ್ ಪೆಡಲನ್ನು ಕೆಳಗೇ ಹಿಡಿದಿಟ್ಟುಕೊಳ್ಳಬಹುದು, ವಾಪಸ್ ಬರೋಕೆ ಬಿಡುವುದಿಲ್ಲ. ಹಾಗಾದರೆ ಸ್ಪ್ರಿಂಗ್ ತೆಗೆದುಬಿಡಿ. ಫ್ರೀ ಪ್ಲೇ, ಅಂದರೆ ಕ್ಲಚ್ ಮೇಲೆ ಒತ್ತಡ ಬೀಳುವ ಮೊದಲು ಪೆಡಲ್ ಸುಮ್ಮನೆ ಆಡುವ ದೂರ, ಪೆಡಲ್ ಹತ್ತಿರ ಸುಮಾರು 1 ಇಂಚು ಇರಲಿ. ಹೈಡ್ರಾಲಿಕ್‌ಗೆ ಈ ಲೆಕ್ಕ ಹಿಡಿಯಬೇಡಿ, ಕಿಟ್‌ನ ಸೂಚನೆಯಂತೆ ಮಾಡಿ.

ಕೆಳಗಿನ ಕೆಲಸ ಸಲೀಸು. ಗೇರ್‌ಬಾಕ್ಸ್ ಹಿಡಿಯುವ ಕ್ರಾಸ್ ಮೆಂಬರ್ ಬದಲಾಗಬೇಕು, ಟಿ5ಗೆ ಅಂತಲೇ ಬೋಲ್ಟು ಹಾಕಿ ಕೂರಿಸುವಂಥದ್ದು ಸಿಗುತ್ತದೆ. ಗೇರ್ ಲಿವರ್ ಮೂಲದ ಮ್ಯಾನುಯಲ್ ಕಾರಿನ ಜಾಗದ ಹತ್ತಿರವೇ ಬರುತ್ತದೆ. ಟನಲ್‌ನ ತೂತು ಸ್ವಲ್ಪ ತಿದ್ದಬೇಕಾದೀತು. ಕತ್ತರಿ ಹಾಕುವ ಮೊದಲು ಗೇರ್‌ಬಾಕ್ಸ್ ಏರಿಸಿ, ಲಿವರ್ ಕೂರಿಸಿ, ಎಲ್ಲ ಗೇರುಗಳಿಗೂ ಹಾಕಿ ನೋಡಿ ಗುರುತು ಮಾಡಿ. ಸಿ4 ಮತ್ತು ಈ ಟಿ5 ಎರಡರ ಹಿಂದಿನ ಶಾಫ್ಟೂ 28 ಸ್ಪ್ಲೈನಿನದು, ಆದ್ದರಿಂದ ನಿಮ್ಮ ಸ್ಲಿಪ್ ಯೋಕ್ ಕೂರುತ್ತದೆ, ಎಷ್ಟೋ ಸಲ ಅದೇ ಪ್ರೊಪೆಲ್ಲರ್ ಶಾಫ್ಟೂ ಆಗುತ್ತದೆ. ಆದರೆ ಅಳೆಯದೆ ನಂಬಬೇಡಿ. ಕಾರು ತನ್ನ ಚಕ್ರದ ಮೇಲೆ ಭಾರ ಹಾಕಿ ನಿಂತಿರುವಾಗ ಯೋಕ್ ಪೂರ್ತಿ ಒಳಗೆ ಹೋಗೋಕೆ ಇನ್ನೂ ಮುಕ್ಕಾಲರಿಂದ 1 ಇಂಚು ಜಾಗ ಉಳಿದಿರಬೇಕು. ಗೇರ್‌ಬಾಕ್ಸ್ ಮತ್ತು ಪಿನಿಯನ್ ಎರಡರ ಓರೆ ಒಂದಕ್ಕೊಂದು ಸಮಾನಾಂತರ ಇರಬೇಕು, ಯೂನಿವರ್ಸಲ್ ಜಾಯಿಂಟ್ ಕೆಲಸ ಮಾಡುವ ಕೋನ 1ರಿಂದ 3 ಡಿಗ್ರಿ. ಇದು ತಪ್ಪಿದರೆ ವೇಗ ಹೆಚ್ಚಿದಂತೆ ನೆಲ ನಡುಗುತ್ತದೆ.

ಚಿಕ್ಕಪುಟ್ಟವು ಅಂತ ಮರೆಯುವ ಕೆಲವಿವೆ. ಮಾಡ್ಯುಲೇಟರ್‌ಗೆ ಹೋಗುತ್ತಿದ್ದ ವ್ಯಾಕ್ಯೂಮ್ ಹೋಸ್‌ನ ಬಾಯಿ ಮ್ಯಾನಿಫೋಲ್ಡ್ ಕಡೆ ಮುಚ್ಚಿ, ಇಲ್ಲದಿದ್ದರೆ ಐಡಲ್ ಕೆಡುತ್ತದೆ, ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ ಹುಡುಕುತ್ತಾ ಕೂರುತ್ತೀರಿ. ಕಿಕ್‌ಡೌನ್ ರಾಡ್ ತೆಗೆಯಿರಿ. ರೇಡಿಯೇಟರ್‌ಗೆ ಹೋಗುವ ಆಯಿಲ್ ಪೈಪುಗಳನ್ನು ತೆಗೆದು ಆ ಬಾಯಿಗಳನ್ನು ಪ್ಲಗ್ ಮಾಡಿ, ರೇಡಿಯೇಟರ್ ಬದಲಾಯಿಸಬೇಕಿಲ್ಲ. ಆಟೋಮ್ಯಾಟಿಕ್‌ನಲ್ಲಿ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುವಂತೆ ಒಂದು ಸ್ವಿಚ್ ಇರುತ್ತದೆ. ಅದು ಹೋದ ಮೇಲೆ ಕಾರು ಸ್ಟಾರ್ಟ್ ಆಗುವುದಿಲ್ಲ. ಸುಮ್ನೆ ಎರಡು ವೈರ್ ಸೇರಿಸಿಬಿಡುವುದು ಸುಲಭ, ಆದರೆ ಹಾಗೆ ಮಾಡಬೇಡಿ. ಕ್ಲಚ್ ಪೂರ್ತಿ ತುಳಿದಾಗ ಮಾತ್ರ ಒತ್ತುವ ಸ್ವಿಚ್ ಒಂದನ್ನು ಪೆಡಲ್ ಹತ್ತಿರ ಹಾಕಿ ಅದಕ್ಕೆ ಕೊಡಿ. ಗೇರಿನಲ್ಲಿ ನಿಂತ ಕಾರಿನ ಕೀ ತಿರುಗಿಸಿದರೆ ಅದು ಮುಂದೆ ನಿಂತವರ ಮೇಲೆ ನುಗ್ಗುತ್ತದೆ. ರಿವರ್ಸ್ ಲೈಟ್‌ಗೆ ಟಿ5ನಲ್ಲೇ ಸ್ವಿಚ್ ಇದೆ, ಹಳೆಯ ವೈರುಗಳನ್ನು ಅಲ್ಲಿಗೆ ತನ್ನಿ. ಸ್ಪೀಡೋಮೀಟರ್‌ಗೆ ಟಿ5 ಒಳಗಿನ ಪ್ಲಾಸ್ಟಿಕ್ ಗೇರಿನಲ್ಲಿ 7 ಹಲ್ಲಿದೆಯಾ 8 ಹಲ್ಲಿದೆಯಾ ನೋಡಿ, ಹೊಸ ಆಕ್ಸಲ್ ರೇಷಿಯೋ ಮತ್ತು ಟೈರಿನ ಲೆಕ್ಕ ಹಾಕಿ, ಅದಕ್ಕೆ ಸರಿಯಾದ ಕೇಬಲ್ ತುದಿಯ ಗೇರ್ ತನ್ನಿ.

ಆಯಿಲ್ ವಿಷಯ. ವರ್ಲ್ಡ್ ಕ್ಲಾಸ್ ಟಿ5ಗೆ ದಪ್ಪ ಗೇರ್ ಆಯಿಲ್ ಹಾಕಬೇಡಿ. ಅದಕ್ಕೆ ಬೇಕಿರುವುದು ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಸುಮಾರು 2.65 ಲೀಟರ್. ಹಳೆಯ ಸಿ4ಗೆ ಹಾಕುತ್ತಿದ್ದ ಟೈಪ್ ಎಫ್ ಉಳಿದಿದೆ ಅಂತ ಅದನ್ನು ಸುರಿಯಬೇಡಿ, ಡೆಕ್ಸ್‌ರಾನ್ ಅಥವಾ ಮರ್ಕಾನ್ ಬಗೆಯದು ಹಾಕಿ. ಹೊಸ ಕ್ಲಚ್‌ಗೆ ಮೊದಲ 800 ಕಿ.ಮೀ. ಮೃದುವಾಗಿ ಓಡಿಸಿ. ಹೈವೇಯಲ್ಲಿ ಒಂದೇ ಗೇರಿನಲ್ಲಿ ಹೋದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಗೇರ್ ಬದಲಾಯಿಸುತ್ತಾ ಓಡಿಸಿದ ದಾರಿ ಮಾತ್ರ ಎಣಿಸಿ.

ಸಿ4 ಇಳಿಸುವಾಗ ಜಾಗ್ರತೆ. ಕನ್ವರ್ಟರ್ ಒಳಗೆ ಆಯಿಲ್ ತುಂಬಿರುತ್ತದೆ, ಭಾರ ಮುಂದಕ್ಕೆ ವಾಲುತ್ತದೆ, ಟ್ರಾನ್ಸ್‌ಮಿಷನ್ ಜಾಕ್ ಇಲ್ಲದೆ ಕೆಳಗೆ ಮಲಗಬೇಡಿ. ಕಾರು ನಾಲ್ಕು ಗಟ್ಟಿ ಸ್ಟ್ಯಾಂಡ್ ಮೇಲೆ ಇರಲಿ. ಹಿಂದಿನ ಆಧಾರ ತೆಗೆದ ಕೂಡಲೇ ಇಂಜಿನ್ ಹಿಂದಕ್ಕೆ ಬಾಗುತ್ತದೆ, ಅದಕ್ಕೆ ಆಯಿಲ್ ಪ್ಯಾನ್ ಕೆಳಗೆ ಅಗಲದ ಮರದ ಹಲಗೆ ಕೊಟ್ಟು ಆನಿಸಿ. ಹಳೆಯ ಮತ್ತು ಹೊಸ ಎಲ್ಲ ಭಾಗ ಕೈಗೆ ಬಂದ ಮೇಲೆ ಮಾತ್ರ ಬಿಚ್ಚೋಕೆ ಶುರುಮಾಡಿ. ಒಂದು ಬ್ರ್ಯಾಕೆಟ್‌ಗಾಗಿ ತಿಂಗಳುಗಟ್ಟಲೆ ಸ್ಟ್ಯಾಂಡ್ ಮೇಲೆ ನಿಂತ ಕಾರುಗಳನ್ನು ನೋಡಿದರೆ ಬೇಜಾರಾಗುತ್ತದೆ.

ವಾಪಸ್ ಹೋಗಬಹುದಾ ಅಂತ ಕೇಳಿದ್ದಿರಿ. ಖಂಡಿತ. ಟನಲ್ ಅಂಚನ್ನು ತಿದ್ದುವುದು ಬಿಟ್ಟರೆ ನಾನು ಹೇಳಿದ ಎಲ್ಲವೂ ಬೋಲ್ಟು ಬಿಚ್ಚಿದರೆ ಹೊರಬರುವಂಥದ್ದು. ಆದ್ದರಿಂದಲೇ ಆರು ಗೇರಿನ ಟಿ56 ನಾನು ಸೂಚಿಸಲಿಲ್ಲ, ಅದಕ್ಕೆ ನೆಲವನ್ನೇ ಕತ್ತರಿಸಬೇಕು. ಸಿ4, ಕನ್ವರ್ಟರ್, ಫ್ಲೆಕ್ಸ್ ಪ್ಲೇಟ್, ಅಗಲದ ಬ್ರೇಕ್ ಪೆಡಲ್, ಶಿಫ್ಟರ್, ಕಿಕ್‌ಡೌನ್ ರಾಡ್, ಕ್ರಾಸ್ ಮೆಂಬರ್, ಹಳೆಯ ಡಿಫರೆನ್ಷಿಯಲ್, ಬೋಲ್ಟುಗಳ ಸಮೇತ ಚೀಟಿ ಕಟ್ಟಿ ಎತ್ತಿಡಿ. ಕಾರು ಮಾರಿದರೆ ಜೊತೆಗೇ ಕೊಡಿ.

ಹಾಗಾದರೆ ನೋಡಿಟ್ಟ ಗೇರ್‌ಬಾಕ್ಸ್? ಹೋಗಿ ಚೀಟಿಯ ನಂಬರಿನ ಫೋಟೋ ತೆಗೆದುಕೊಳ್ಳಿ. ಕೈಯಲ್ಲೇ ಇನ್‌ಪುಟ್ ಶಾಫ್ಟ್ ತಿರುಗಿಸುತ್ತಾ ಐದೂ ಗೇರಿಗೆ, ರಿವರ್ಸ್‌ಗೆ ಹಾಕಿ ನೋಡಿ, ಎಲ್ಲೂ ತಡೆಯಬಾರದು, ಕಟಕಟ ಅನ್ನಬಾರದು. ಡ್ರೈನ್ ಪ್ಲಗ್ ಬಿಚ್ಚಿ ಒಂದಷ್ಟು ಆಯಿಲ್ ಬಿಳಿ ಬಟ್ಟೆ ಮೇಲೆ ಹಿಡಿಯಿರಿ. ಸಣ್ಣ ಬೂದು ಪುಡಿ ಸಹಜ, ಲೋಹದ ಚೂರು ಕಂಡರೆ ಬಿಟ್ಟುಬಿಡಿ. ಮಾರುವವರು ಪ್ಲಗ್ ಬಿಚ್ಚೋಕೆ ಒಪ್ಪದಿದ್ದರೂ ಬಿಟ್ಟುಬಿಡಿ. ಆ ನಂಬರ್, ನಿಮ್ಮ ಈಗಿನ ಆಕ್ಸಲ್ ರೇಷಿಯೋ, ಟೈರಿನ ಅಳತೆ, ಹೆಡರ್ ಇದೆಯಾ ಇಲ್ಲವಾ, ಪವರ್ ಬ್ರೇಕ್ ಇದೆಯಾ, ಇಷ್ಟನ್ನು ಬರೆದು ಕಳಿಸಿದರೆ ಯಾವ ಬೆಲ್ ಹೌಸಿಂಗ್, ಯಾವ ಕ್ಲಚ್ ಜೋಡಣೆ ಅಂತ ನಿಮ್ಮ ಕಾರಿಗೇ ಸರಿಯಾಗಿ ಹೇಳುತ್ತೇನೆ.